ಒಡೆದು ನೋಡದ ಕಾಯಿ

ಹನುಮಂತನಗರದ ನಾವು ಬಸವನಗುಡಿಯ ಪರಿಷೆಯಲ್ಲಿ ಒಂದು ಕಡಲೆಕಾಯಿಯನ್ನಾದರೂ ಒಡೆದು ಬಾಯಿಗೆ ಹಾಕಿಕೊಳ್ಳದೆ ಸೇರು ಅಳೆಸುವವರಲ್ಲ. ಷೇರಿನ ಮುಂದೆ ಆ ಜಾಣತನ ಎಲ್ಲಿ ಅಡಗುವುದೋ! 2020ರಲ್ಲಿ ರಿಸರ್ವ್ ಬ್ಯಾಂಕು ರೆಪೋ ದರವನ್ನು ಶೇಕಡ 4ಕ್ಕೆ ಇಳಿಸಿತು. ಠೇವಣಿಯ ಬಡ್ಡಿ ಕರಗಿತು. ನೆರೆಹೊರೆಯವರು ಷೇರುಪೇಟೆಗೆ ನಡೆದರು. ನಾನೂ ಬೆನ್ನುಹತ್ತಿದೆ, ಏರುತ್ತಿದ್ದ ಬೆಲೆಯನ್ನು ಕಂಡೆನೇ ಹೊರತು ಕಂಪನಿಯ ಗಳಿಕೆಯನ್ನು ವಿಚಾರಿಸಲಿಲ್ಲ, ಕೈ ಸುಟ್ಟುಕೊಂಡೆ.

ಹಿಂದೆಯೂ ಹೀಗಾಗಿತ್ತು. 2000ದ ಫೆಬ್ರವರಿಯಲ್ಲಿ 6,000 ದಾಟಿದ್ದ ಸೆನ್ಸೆಕ್ಸ್ ಮರುವರ್ಷದ ಸೆಪ್ಟೆಂಬರಿನಲ್ಲಿ 2,600ಕ್ಕಿಂತ ಕೆಳಗಿಳಿಯಿತು. ನಮ್ಮೂರಿನ ಇನ್ಫೋಸಿಸ್ ಷೇರೂ ಬಿದ್ದಿತು. ಆದರೆ ಕಂಪನಿಯ ಲಾಭ ಬೆಳೆಯುತ್ತಲೇ ಇತ್ತು. ಬೆಲೆ ಬೇರೆ, ಮೌಲ್ಯ ಬೇರೆ.

ಆಸೆಯ ಉರಿಗೆ ಅಗ್ಗದ ಬಡ್ಡಿ ಗಾಳಿ ಬೀಸೀತು. ಉರಿ ಮಾತ್ರ ನಮ್ಮದೇ. ನಷ್ಟಕ್ಕಿಂತ ನನ್ನನ್ನು ಕಾಡುವುದು ಬೇರೊಂದು: ನನಗೇ ತಿಳಿಯದ ಸರಕನ್ನು ನನಗಿಂತ ತಿಳಿಯದವನಿಗೆ ಹೆಚ್ಚಿನ ಬೆಲೆಗೆ ದಾಟಿಸಲು ಕಾದಿದ್ದೆನಲ್ಲ, ಅದು ಕೈಗೂಡಿದ್ದರೆ ಸಂಪಾದನೆ ಎನ್ನಬಹುದಿತ್ತೆ?