ಪಾಚಿ ಮುಗಿದ ಮೇಲೆ

ಬೈಂದೂರಿನ ಸೋಮೇಶ್ವರದ ಬಂಡೆಗಳ ಮೇಲಿನ ಹಸಿರು ಪಾಚಿಯನ್ನು ಯಾರೂ ಪಿಡುಗು ಎನ್ನುವುದಿಲ್ಲ. ಜಾರುತ್ತದೆ, ಜೋಪಾನ ಎನ್ನುತ್ತಾರೆ ಅಷ್ಟೆ. ಅಂಥದೇ ಪಾಚಿ ಕುಂದಾಪುರದ ನನ್ನ ಬಾಡಿಗೆ ಕೋಣೆಯ 40 ಲೀಟರಿನ ಉಪ್ಪುನೀರಿನ ತೊಟ್ಟಿಯಲ್ಲಿ ಕೂದಲಿನಂತೆ ಬೆಳೆದರೆ ಶತ್ರು.

ಮೀನಿನ ತಿಂಡಿ, ಮಲ ಕೊಳೆತು ನೈಟ್ರೇಟ್, ಫಾಸ್ಫೇಟ್ ಹೆಚ್ಚುತ್ತವೆ, ಮೇಲಿಂದ ದೀಪ. ಪಾಚಿಗೆ ಇನ್ನೇನು ಬೇಕು? ಕಡಲಾದರೆ ಅಲೆ ಎಲ್ಲವನ್ನೂ ಹಂಚಿಬಿಡುತ್ತದೆ. ತೊಟ್ಟಿಯಲ್ಲಿ 3 ದಿನ ದೀಪ ಆರಿಸಿದರೆ ಪಾಚಿ ಸೊರಗುವುದು ನಿಜ, ಆದರೆ ಹೀರಿದ್ದೆಲ್ಲ ಕೊಳೆತು ನೀರಿಗೇ ಮರಳುತ್ತದೆ. ಉಳಿದದ್ದು ಕೈಯಿಂದ ಕೀಳುವುದು, ನೀರು ಬದಲಿಸುವುದು, ತಿಂಡಿ ಕಡಿಮೆ ಮಾಡುವುದು. ಬೇಸರದ ಕೆಲಸ. ಅದಕ್ಕೇ ಜನ ಟರ್ಬೊ ಬಸವನಹುಳು ಕೊಳ್ಳುತ್ತಾರೆ.

ಹವ್ಯಾಸಿಗಳು ಇವನ್ನು 'ಕ್ಲೀನಪ್ ಕ್ರೂ' ಎನ್ನುತ್ತಾರೆ. ನನ್ನನ್ನು ಕಾಡುವುದು ಆ ಹೆಸರೇ. ಜೀವಿಯನ್ನು ಅದರ ಚಾಕರಿಯಿಂದ ಹೆಸರಿಸಿದರೆ, ಚಾಕರಿ ಮುಗಿದ ದಿನ ಅದು ಏನು? ಗಾಜು ಥಳಥಳಿಸುವ ಹೊತ್ತಿಗೆ ಹುಳು ಹಸಿದು ಸಾಯುತ್ತದೆ. ಪ್ರಾಣಿಗಳಿಗೆ ಕ್ರೂರಿಯಾದವನು ಮನುಷ್ಯರಿಗೂ ಕಠಿಣನಾಗುತ್ತಾನೆ ಎಂಬುದು ಕಾಂಟ್‌ನ ಆತಂಕ. ನನಗದು ಸಾಲದು. ಹುಳುವಿನ ಹಸಿವು ಹುಳುವಿನದು. ಅದರಿಂದ ನನ್ನ ಗುಣ ಕೆಡುತ್ತದೆಯೇ ಎಂಬುದು ಆಮೇಲಿನ ಮಾತು.

ಪಂಚಗಂಗಾವಳಿಯ ಕಪ್ಪೆಚಿಪ್ಪು ಚಪ್ಪರಿಸುವವನಿಗೆ ಇದೆಂಥ ಕನಿಕರ ಎಂದು ಗೆಳೆಯ ನಗುತ್ತಾನೆ. ಚಪ್ಪರಿಸುತ್ತೇನೆ, ಹೌದು. ಆದರೆ ಕಪ್ಪೆಚಿಪ್ಪನ್ನು ಸಾಕುತ್ತೇನೆಂದು ಯಾರೂ ತರುವುದಿಲ್ಲ. ಗಾಜಿನೊಳಗೆ ಇಟ್ಟುಕೊಂಡವನ ಮೇಲೆ ಅದರ ನಾಳೆಯ ಊಟವೂ ಬೀಳುತ್ತದೆ.

ನನ್ನ ತೊಟ್ಟಿಯಲ್ಲಿ ಈಗ ಒಂದೇ ಹುಳುವಿದೆ. ಮುಂದಿನ ಗಾಜು ಉಜ್ಜುತ್ತೇನೆ. ಹಿಂದಿನದನ್ನು ಅದಕ್ಕೇ ಬಿಟ್ಟಿದ್ದೇನೆ.