ಧರ್ಮರಾಯನ ನಾಯಿ ಮತ್ತು ಗುಡ್ಡದ ಮೆಟ್ಟಿಲು

|| ಶ್ರೀ ಮಲ್ಲಿಕಾರ್ಜುನ ಪ್ರಸನ್ನ ||



ಮಸ್ಕಿಯ ಮಲ್ಲಯ್ಯನ ಗುಡ್ಡವನ್ನು ನಮ್ಮ ಹಿರಿಯರು ಎರಡನೇ ಶ್ರೀಶೈಲವೆಂದು ಕರೆದರು. ಸಿಂಧನೂರಿನ ಕಡೆಯಿಂದ ಭತ್ತದ ಗದ್ದೆ, ಕಾಲುವೆ ದಾಟಿ ಬರುವವರು, ಲಿಂಗಸುಗೂರು, ಮುದಗಲ್ಲು, ಹಟ್ಟಿಯಿಂದ ಬಸ್ಸು ಹತ್ತಿ ಬರುವವರು, ಎಲ್ಲರೂ ಕೆಳಗೆ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತುತ್ತಾರೆ. ಬಿಸಿಲಿಗೆ ಕಲ್ಲು ಕಾದಿರುತ್ತದೆ. ಎರಡೂ ಕಣ್ಣು ನೆಟ್ಟಗಿದ್ದವರೇ ನಡುವೆ ನಾಲ್ಕು ಸಲ ನಿಂತು ಉಸಿರು ಬಿಡುತ್ತಾರೆ. ಹಾಗಾದರೆ ಕಣ್ಣು ಕಾಣದವರು ಈ ಗುಡ್ಡ ಹೇಗೆ ಹತ್ತಬೇಕು? ಈ ಮಾತನ್ನು ನಾವು ಎಂದಾದರೂ ವಿಚಾರ ಮಾಡಿದ್ದೇವೆಯೇ?

ನಮ್ಮ ಸೀಮೆಯ ಪದ್ಧತಿ ನಿಮಗೆಲ್ಲ ಗೊತ್ತಿದೆ. ಮನೆಯಲ್ಲಿ ಕಣ್ಣು ಹೋದ ಅಜ್ಜ ಇದ್ದರೆ ಒಂದು ಬಡಿಗೆ ಕೊಟ್ಟು, ಆ ಬಡಿಗೆಯ ಮುಂದಿನ ತುದಿಯನ್ನು ಮೊಮ್ಮಗನ ಕೈಗೆ ಕೊಡುತ್ತೇವೆ. ಹುಡುಗ ಮುಂದೆ, ಅಜ್ಜ ಹಿಂದೆ. ಸಂತಿಗೆ ಹೋದರೂ, ಜಾತ್ರೆಗೆ ಹೋದರೂ ಹೀಗೆಯೇ. ನೋಡಿದವರು ಎಂಥಾ ಸೇವೆ ಎನ್ನುತ್ತಾರೆ. ಸೇವೆ ಹೌದು. ಆದರೆ ಆ ಹುಡುಗ ಸಾಲಿಗೆ ಯಾವಾಗ ಹೋಗಬೇಕು? ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು, ತಾವೇ ಕಣ್ಣಿಲ್ಲದವರಾಗಿದ್ದು ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ತಮ್ಮ ಕಾಲ ಮೇಲೆ ನಿಲ್ಲಿಸಿದರು. ಭಿಕ್ಷೆಗೆ ಕೈ ಚಾಚಬಾರದು, ಯಾರ ಹಂಗಿನಲ್ಲೂ ಬದುಕಬಾರದು ಎಂಬುದೇ ಆ ಆಶ್ರಮದ ಉಸಿರು. ಅಂಥ ಬದುಕಿಗೆ ದಾರಿ ತೋರಿಸಲು ಬೇರೆ ದೇಶಗಳಲ್ಲಿ ಒಂದು ಜೀವವನ್ನು ತಯಾರು ಮಾಡಿದ್ದಾರೆ. ಅದು ನಾಯಿ.

ನಾಯಿ ಅಂದ ಕೂಡಲೇ ಕೆಲವರು ಮುಖ ಸಿಂಡರಿಸಿದ್ದು ನನಗೆ ಗೊತ್ತಾಯಿತು. ನಾನೂ ಹಾಗೆಯೇ ಇದ್ದವನು. ಆದ್ದರಿಂದ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಬೇರೊಂದು ಗುಡ್ಡದ ಜಾತ್ರೆ, ಊರಿನ ಹೆಸರು ಬೇಡ. ನಾನು ಸ್ವಯಂಸೇವಕನಾಗಿ ಪಾದಗಟ್ಟಿಯ ಹತ್ತಿರ ನಿಂತಿದ್ದೆ. ಕೊರಳಿಗೆ ಬಿಲ್ಲೆ, ಕೈಯಲ್ಲಿ ಸೀಟಿ. ಒಬ್ಬ ಕಣ್ಣು ಕಾಣದ ಅಜ್ಜ ಬಂದರು. ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ಕೆಂಚು ನಾಯಿ. ಅದಕ್ಕೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಒಂದೇ ಮನೆಯಲ್ಲಿ ಉಂಡು, ಒಂದೇ ದಾರಿ ತಿರುಗಿ ಕಲಿತದ್ದು. ಮೆಟ್ಟಿಲು ಬಂದಲ್ಲಿ ನಿಲ್ಲುತ್ತಿತ್ತು. ಅಜ್ಜ ಬಡಿಗೆಯಿಂದ ತಡವಿ ನೋಡಿ "ನಡೀ" ಅಂದರೆ ನಡೆಯುತ್ತಿತ್ತು.

"ಅಜ್ಜಾರ, ನಾಯಿ ಮ್ಯಾಲ ಬಿಡಂಗಿಲ್ರಿ. ಇಲ್ಲೇ ಕಟ್ಟಿ ಹೋಗ್ರಿ" ಅಂದೆ.

"ಇದನ್ನ ಕಟ್ಟಿದ್ರ ನಾ ಹೆಂಗ ಹತ್ತಲೆಪಾ?"

"ಯಾರ್ದರ ಕೈ ಹಿಡಕೋರಿ."

"ಯಾರ ಕೈ, ತಮ್ಮಾ?"

ನಾನು ಸುತ್ತ ನೋಡಿದೆ. ಸಾಲು ನೂಕುತ್ತಿತ್ತು. ನನಗೆ ಜಾಗ ಬಿಡುವಂತಿರಲಿಲ್ಲ, ಬಿಡುವ ಮನಸ್ಸೂ ಇರಲಿಲ್ಲ. ಅಜ್ಜ ಮತ್ತೊಂದು ಮಾತು ಆಡಲಿಲ್ಲ. ಮೇಲೆ ಗಂಟೆ ಕೇಳಿಸಿದ ದಿಕ್ಕಿಗೆ ಕೈ ಮುಗಿದು, ಜೋಳಿಗೆಯಿಂದ ತೆಂಗಿನಕಾಯಿ ತೆಗೆದು ನನ್ನ ಕೈಗಿಟ್ಟರು. "ನೀನ ಒಡಸಿಕೊಂಡು ಬಾ" ಅಂದರು. ಸಂಜೆ ಕಾಯಿ ಒಡೆಸಿ ಕೆಳಗೆ ಬರುವ ಹೊತ್ತಿಗೆ ಅಜ್ಜನೂ ಇಲ್ಲ, ನಾಯಿಯೂ ಇಲ್ಲ. ಆ ಹೋಳು ಮೂರು ದಿನ ನಮ್ಮ ಮನೆಯ ಜಗಲಿಯ ಮೇಲೆ ಇತ್ತು. ತಿನ್ನಲು ಮನಸ್ಸು ಬರಲಿಲ್ಲ.

ಇದಾದ ಮೇಲೆ ನಾನು ಮಹಾಭಾರತವನ್ನು ಬೇರೆ ಕಣ್ಣಿನಿಂದ ಕೇಳತೊಡಗಿದೆ. ಭಾರತ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ನೋಡಿರಿ. ಆದಿಪರ್ವದ ಆರಂಭದಲ್ಲೇ ಜನಮೇಜಯ ರಾಜ ಕುರುಕ್ಷೇತ್ರದಲ್ಲಿ ಯಜ್ಞಕ್ಕೆ ಕುಳಿತಿದ್ದಾನೆ. ದೇವಶುನಿ ಸರಮೆಯ ಮರಿ ಅಲ್ಲಿಗೆ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಅಳುತ್ತಾ ಬಂದ ಮರಿಯನ್ನು ತಾಯಿ ಕೇಳುತ್ತಾಳೆ: ನೀನೇ ಏನಾದರೂ ತಪ್ಪು ಮಾಡಿರಬೇಕಲ್ಲ? ಇಲ್ಲ ತಾಯೀ, ಹವಿಸ್ಸನ್ನು ನಾನು ನೆಕ್ಕಲಿಲ್ಲ, ಅದರ ಕಡೆ ನೋಡಲೂ ಇಲ್ಲ ಎನ್ನುತ್ತದೆ ಮರಿ. ಸರಮೆ ಯಜ್ಞಶಾಲೆಗೇ ಬಂದು, ತಪ್ಪಿಲ್ಲದ ನನ್ನ ಮಗನನ್ನು ಯಾಕೆ ಹೊಡೆದಿರಿ ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಆಗ ಅವಳು ಶಾಪ ಕೊಟ್ಟಳು: ಕಣ್ಣಿಗೆ ಕಾಣದ ಭಯ ನಿಮಗೆ ಬರಲಿ! ಕಣ್ಣಿಗೆ ಕಾಣದ ಭಯ ಎಂದರೆ ಏನು ಎಂಬುದನ್ನು ಕಣ್ಣು ಕಾಣದವರೇ ಬಲ್ಲರು.

ಕೊನೆಗೆ ಬನ್ನಿ. ಗದುಗಿನ ನಾರಣಪ್ಪ ಹತ್ತು ಪರ್ವಕ್ಕೆ ಭಾರತ ನಿಲ್ಲಿಸಿದ್ದಾನೆ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಗಿಸಿದ. ಹೀಗಾಗಿ ಬರೇ ಕುಮಾರವ್ಯಾಸ ಭಾರತ ಕೇಳಿ ಎದ್ದು ಹೋಗುವವರಿಗೆ ಈ ನಾಯಿ ಸಿಗುವುದಿಲ್ಲ! ಪಾಂಡವರು ಐವರು, ದ್ರೌಪದಿ, ಏಳನೆಯದು ಒಂದು ನಾಯಿ, ಮಹಾಪ್ರಸ್ಥಾನಕ್ಕೆ ಹೊರಟರು. ದಾರಿಯಲ್ಲಿ ದ್ರೌಪದಿ ಬಿದ್ದಳು, ಸಹದೇವ, ನಕುಲ, ಅರ್ಜುನ, ಭೀಮ ಬಿದ್ದರು. ಕೊನೆಗೆ ಉಳಿದದ್ದು ಧರ್ಮರಾಯ ಮತ್ತು ನಾಯಿ. ಇಂದ್ರ ರಥ ತಂದು "ಹತ್ತು" ಅಂದ. ನಾಯಿಯೂ ಬರಬೇಕು ಅಂದ ಧರ್ಮರಾಯ. ನಾಯಿ ಇಟ್ಟುಕೊಂಡವರಿಗೆ ಸ್ವರ್ಗದಲ್ಲಿ ಜಾಗವಿಲ್ಲ, ಬಿಟ್ಟು ಬಾ, ಅದರಲ್ಲಿ ಕ್ರೌರ್ಯವೇನೂ ಇಲ್ಲ ಎಂದು ಇಂದ್ರ ಹೇಳಿದ. ನಾನು ಪಾದಗಟ್ಟಿಯಲ್ಲಿ ಸೀಟಿ ಹಿಡಿದು ಹೇಳಿದ್ದೂ ಇದೇ ಮಾತು ಅಲ್ಲವೇ? ನಂಬಿ ಬಂದದ್ದನ್ನು ಬಿಡುವುದು ಮಹಾಪಾಪ, ನನ್ನ ಸುಖಕ್ಕಾಗಿ ಬಿಡಲಾರೆ ಎಂದ ಧರ್ಮರಾಯ. ಆಗ ನಾಯಿಯ ರೂಪ ಬಿಟ್ಟು ನಿಂತವನು ಸಾಕ್ಷಾತ್ ಧರ್ಮದೇವತೆ. ಈ ಕಥೆಯನ್ನು ನಾವು ಪುರಾಣದಲ್ಲಿ ಕೇಳಿ ಕಣ್ಣೀರು ಹಾಕುತ್ತೇವೆ, ಹೊರಗೆ ಬಂದು ನಾಯಿಗೆ ಕಲ್ಲು ಒಗೆಯುತ್ತೇವೆ.

ನಮ್ಮ ಕನ್ನಡ ನಾಡಿನ ಶೈವ ಸಂಪ್ರದಾಯಕ್ಕೆ ನಾಯಿ ಹೊರಗಿನದಲ್ಲ. ಕಾಲಭೈರವನ ಪಕ್ಕದಲ್ಲಿ ನಾಯಿ. ಮೈಲಾರಲಿಂಗನ ಗೊರವರು ದೋಣಿಯಲ್ಲಿ ಹಾಕಿದ ಪ್ರಸಾದವನ್ನು ನಾಯಿಯಂತೆ ಬೊಗಳಿ ಉಣ್ಣುವುದನ್ನು ನೀವೇ ನೋಡಿದ್ದೀರಿ. ಶರಣ ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದ ಓದಿಸಿದರೆಂದು ಶರಣರ ಕಥೆಗಳಲ್ಲಿ ಹೇಳುತ್ತಾರೆ. ಇವು ಕಥೆ ಎಂದು ತಳ್ಳುವವರಿಗೆ ಒಂದು ಕಲ್ಲನ್ನೇ ತೋರಿಸೋಣ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು 950ರ ಶಾಸನವಿತ್ತು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗ ಅರಸ ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಎಂದಾಗ, ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಅರಸನ ನಾಯಿ ಕಾಳಿಯನ್ನು ಕೇಳಿದ. ಆ ನಾಯಿ ಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿದ್ದು ಎಲ್ಲಿ ಗೊತ್ತೇ? ಚಲ್ಲೇಶ್ವರ ದೇವಾಲಯದ ಮುಂದೆ! ಆ ಕಲ್ಲಿಗೆ ಭೂಮಿ ಬಿಟ್ಟು, ಅಲ್ಲಿಯ ಗೊರವ ಅದನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟು ಮಾಡಿದರು. ಸತ್ತ ನಾಯಿಗೆ ಶಿವನ ಎದುರು ಜಾಗ ಕೊಟ್ಟವರ ಮಕ್ಕಳು ನಾವು.

ಇನ್ನು ದಾರಿ ತೋರುವ ನಾಯಿಯ ವಿಷಯ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡೆನ್‌ಬುರ್ಗ್‌ನಲ್ಲಿ ಇಂಥ ನಾಯಿಗಳ ಶಾಲೆ ತೆರೆದರು. 1928ರಲ್ಲಿ ಮಾರಿಸ್ ಫ್ರಾಂಕ್ ಎಂಬ ಅಮೆರಿಕದ ಅಂಧ ತರುಣ ಸ್ವಿಟ್ಜರ್ಲೆಂಡಿಗೆ ಹೋಗಿ ಬಡ್ಡಿ ಎಂಬ ನಾಯಿಯೊಂದಿಗೆ ತಿರುಗಿ ಬಂದ. ಮರುವರ್ಷ ಅಲ್ಲಿಯೂ ಶಾಲೆ ಆಯಿತು. ಆದರೆ ನಾಯಿ ಸಿಕ್ಕರೆ ಸಾಕಾಗಲಿಲ್ಲ. ರೈಲು, ಹೋಟೆಲು, ಅಂಗಡಿ ಎಲ್ಲ ಕಡೆ "ನಾಯಿಗೆ ಪ್ರವೇಶವಿಲ್ಲ" ಎನ್ನುವವರೇ. ಬಾಗಿಲು ತೆರೆಸಲು ಅವನು ವರ್ಷಗಟ್ಟಲೆ ಊರೂರು ತಿರುಗಬೇಕಾಯಿತು. ಅಮೆರಿಕದಲ್ಲಿ 1990ರ ಕಾಯ್ದೆ, ಇಂಗ್ಲೆಂಡಿನಲ್ಲಿ 2010ರ ಕಾಯ್ದೆ ಈಗ ಆ ಹಕ್ಕನ್ನು ಕಾಯುತ್ತವೆ.

ಈ ನಾಯಿಗೆ ದಾರಿ ಗೊತ್ತಿರುತ್ತದೆ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ದಾರಿ ಯಜಮಾನನ ತಲೆಯಲ್ಲಿರುತ್ತದೆ. ಎಡಕ್ಕೆ, ಬಲಕ್ಕೆ ಎಂದು ಅವನೇ ಹೇಳುತ್ತಾನೆ. ಮೆಟ್ಟಿಲು, ತಗ್ಗು, ಅಡ್ಡ ಬಂದ ಗಾಡಿ, ತಲೆಗೆ ತಾಗುವ ಕೊಂಬೆ, ಇವನ್ನು ನೋಡಿ ನಿಲ್ಲುವುದು ನಾಯಿಯ ಕೆಲಸ. ಎಲ್ಲಕ್ಕಿಂತ ದೊಡ್ಡ ಪಾಠ ಒಂದಿದೆ: ಮುಂದೆ ಅಪಾಯವಿದ್ದಾಗ ಯಜಮಾನ "ನಡೆ" ಎಂದರೂ ಅದು ನಡೆಯಬಾರದು. ಆಜ್ಞೆ ಮೀರಿ ಯಜಮಾನನನ್ನು ಉಳಿಸಬೇಕು. ನಮ್ಮಲ್ಲಿ ಎಷ್ಟು ಮಂದಿ ಶಿಷ್ಯರಿಗೆ ಇದು ಬಂದೀತು! ಮರಿಯಾಗಿದ್ದಾಗ ಒಂದು ಮನೆಯಲ್ಲಿ ಸುಮಾರು ಒಂದು ವರ್ಷ ಬೆಳೆದು, ಆಮೇಲೆ ತಿಂಗಳುಗಟ್ಟಲೆ ಕಲಿತು ಇದು ತಯಾರಾಗುತ್ತದೆ. ಕಿವಿ ಕೇಳದವರಿಗೆ, ಗಾಲಿಕುರ್ಚಿಯವರಿಗೆ ನೆರವಾಗುವ ನಾಯಿಗಳೂ ಇವೆ. ನಮ್ಮ ದೇಶದಲ್ಲಿ ಇವು ಬಹಳ ವಿರಳ. ಸಾಕುವ ಖರ್ಚು ಒಂದು ಕಾರಣ. ಬಸ್ಸು ಹತ್ತಿಸದ, ಖಾನಾವಳಿಗೆ ಬಿಡದ, ಗುಡಿಯ ಮೆಟ್ಟಿಲು ತುಳಿಯಗೊಡದ ಊರಿನಲ್ಲಿ ಅಂಥ ನಾಯಿ ಇಟ್ಟುಕೊಂಡು ಹೋಗುವುದಾದರೂ ಎಲ್ಲಿಗೆ ಎಂಬುದು ಇನ್ನೊಂದು ಕಾರಣ ಎಂದು ನನಗೆ ತೋರುತ್ತದೆ.

ಕಾನೂನು ಏನು ಹೇಳುತ್ತದೆ? ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಒಪ್ಪಿತು. ಅದರಲ್ಲಿ ಜೀವಂತ ನೆರವು ಎಂಬ ಮಾತಿದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. ಅದರಲ್ಲಿ ನಾಯಿಯ ಹೆಸರು ಬಂದಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಬೇಕು. ಆದರೆ ಸಾರ್ವಜನಿಕ ಕಟ್ಟಡ ಎಂಬುದಕ್ಕೆ ಕೊಟ್ಟ ಅರ್ಥದಲ್ಲಿ ಬಸ್ ನಿಲ್ದಾಣ, ಆಸ್ಪತ್ರೆಗಳ ಜೊತೆಗೆ ಧಾರ್ಮಿಕ ಕಾರ್ಯದ ಕಟ್ಟಡವೂ ಸೇರಿದೆ. ಅಂಗವಿಕಲರಿಗೆ ಬೇಕಾದ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕು, ಇಲ್ಲವೆನ್ನುವುದು ಭೇದಭಾವ ಎಂದೂ ಹೇಳಿದೆ. 2024ರ ನವೆಂಬರ್ 8ರಂದು ರಾಜೀವ್ ರಾತುರಿ ಎಂಬ ಅಂಧ ಅರ್ಜಿದಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂಥ ಸೌಲಭ್ಯಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮಗಳಾಗಬೇಕು ಎಂದಿತು. ಅರ್ಜಿ ಹಾಕಿದ್ದು 2005ರಲ್ಲಿ, ಈ ತೀರ್ಪು ಬಂದದ್ದು 2024ರಲ್ಲಿ. ಕಾನೂನು ಗುಡ್ಡ ಹತ್ತುವುದು ಬಹಳ ನಿಧಾನ, ನಾವು ಅದಕ್ಕಾಗಿ ಕಾಯಬೇಕಿಲ್ಲ.

ಮಡಿ ಏನಾಯಿತು ಎಂದು ಅರ್ಚಕರು ಕೇಳಬಹುದು. ಕೇಳುವುದು ಸರಿಯೇ. ಗರ್ಭಗುಡಿಗೆ ನಾವೂ ಹೋಗುವುದಿಲ್ಲ, ನಾಯಿ ಯಾಕೆ ಹೋಗಬೇಕು? ಮೆಟ್ಟಿಲು, ಮಂಟಪ, ನೀರಿನ ಜಾಗ, ದಾಸೋಹದ ಅಂಗಳ ಇಷ್ಟಕ್ಕೆ ಅದು ಬರಲಿ. ಮಂಟಪದ ನೆರಳಿನಲ್ಲಿ ಕೂತಿರು ಎಂದರೆ ಕಲಿತ ನಾಯಿ ಕೂತಿರುತ್ತದೆ. ಅಲ್ಲಿಂದ ಒಳಗೆ ಭಕ್ತರ ಕೈಯನ್ನು ನಮ್ಮಲ್ಲೊಬ್ಬರು ಹಿಡಿಯೋಣ. ಬೀದಿನಾಯಿಗಳ ಹಿಂಡಿನ ಪ್ರಶ್ನೆ ಬೇರೆ, ಅದು 2025ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇದನ್ನೂ ಅದನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡಿ.

ಇದೇ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆಯ ಮೇಲೆ ಅಶೋಕನ ಹೆಸರಿದೆ. ಚಿಕ್ಕವನೂ ಧರ್ಮದಲ್ಲಿ ನಡೆದರೆ ಮೇಲೇರಬಲ್ಲ, ಅದು ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ ಎಂಬ ಅರ್ಥದ ಮಾತು ಅಲ್ಲಿದೆ. ಗುಡ್ಡಕ್ಕೆ ಬಂದವರು ಅದನ್ನೂ ನೋಡಿಕೊಂಡು ಹೋಗಿರಿ.

ಜಾತ್ರೆಯಲ್ಲಿ ಬಿಲ್ಲೆ ಹಾಕಿಕೊಂಡು ನಿಲ್ಲುವ ನಮ್ಮ ಹುಡುಗರಿಗೆ ನಾಲ್ಕು ಮಾತು. ಹಿಡಿಕೆಯ ಪಟ್ಟಿ ಕಟ್ಟಿದ ನಾಯಿ ಕೆಲಸದಲ್ಲಿದೆ. ಅದನ್ನು ಕರೆಯಬೇಡಿ, ಸವರಬೇಡಿ, ಪ್ರಸಾದ ತಿನ್ನಿಸಬೇಡಿ. ಮಾತಾಡುವುದಿದ್ದರೆ ನಾಯಿಯ ಜೊತೆ ಅಲ್ಲ, ಮನುಷ್ಯರ ಜೊತೆ ಮಾತಾಡಿ. ಕಲ್ಲು ಕಾದ ಹೊತ್ತಿನಲ್ಲಿ ಅದರ ಪಾದ ಸುಡುತ್ತದೆ. ಬೆಳಿಗ್ಗೆ ಬೇಗ ಹತ್ತಲು ಹೇಳಿ, ನಡುವೆ ಒಂದು ಬೋಗುಣಿ ನೀರು ಇಡಿ. ಪಟ್ಟಿ ಇಲ್ಲದೆ ಬರೀ ಹಗ್ಗ ಕಟ್ಟಿಕೊಂಡು ಬಂದ ಅಜ್ಜ ಇದ್ದರೆ ಪ್ರಮಾಣಪತ್ರ ಕೇಳುತ್ತಾ ನಿಲ್ಲಬೇಡಿ. ಸೀಟಿಯನ್ನು ಪಕ್ಕದವನ ಕೈಗೆ ಕೊಟ್ಟು, "ಅಜ್ಜಾರ, ನಾನು ಯಾವ ಬದಿಗೆ ನಡೀಲಿ?" ಎಂದು ಕೇಳಿ, ಜೊತೆಗೆ ಹತ್ತಿರಿ.