ಮೂರು ಗಾಲಿಯ ಸೈಕಲ್ಲು, ಮಗುವಿನ ಕಾಲು



ಇವತ್ತಿನ ಚಿಂತನೆ ನನ್ನ ಸರದಿ. ಮನೆಯಲ್ಲಿ ನಡೆದದ್ದನ್ನೇ ಬರೆಯುತ್ತೇನೆ. ಅದರಲ್ಲಿ ತಪ್ಪು ನನ್ನದೇ.

ನಮ್ಮ ದೊಡ್ಡಮಳೂರಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಮಕ್ಕಳಾಗಲೆಂದು ಹರಕೆ ಹೊತ್ತು, ಅಂಬೆಗಾಲು ಕೃಷ್ಣನ ಗುಡಿಗೆ ಪುಟ್ಟ ಮರದ ತೊಟ್ಟಿಲು ಒಪ್ಪಿಸಿ ಹೋಗುತ್ತಾರೆ. ನಾವು ಇಪ್ಪತ್ತೆರಡು ಪ್ರತಿಜ್ಞೆ ಸ್ವೀಕರಿಸಿದವರು, ನಮಗೆ ಹರಕೆಯಿಲ್ಲ. ಹಾಗೆಂದುಕೊಂಡಿದ್ದೆ. ಕಳೆದ ವರ್ಷ ತಮ್ಮನ ಮಗಳಿಗೆ ಎರಡೂವರೆ ತುಂಬಿದಾಗ ಬೆಂಗಳೂರಿಗೆ ಹೋಗಿ ಟ್ರೈಸಿಕಲ್ ತಂದೆ. ಅಂಗಡಿಯಲ್ಲಿದ್ದುದರಲ್ಲೇ ದೊಡ್ಡದು. ಕೆಂಪು ಬಣ್ಣ, ಹಾಡು ಹೇಳುವ ಹಾರ್ನ್, ಹಿಂದೆ ಬುಟ್ಟಿ. ಪಕ್ಕದಲ್ಲೇ ಚಿಕ್ಕದೊಂದು ಇತ್ತು. ಅದರತ್ತ ತಿರುಗಿಯೂ ನೋಡಲಿಲ್ಲ. ಮಗುವನ್ನು ಕರೆದುಕೊಂಡು ಹೋಗಿರಲಿಲ್ಲ. ಚಪ್ಪಲಿ ತರುವಾಗಲಾದರೂ ಪಾದಕ್ಕೆ ದಾರ ಹಿಡಿದು ಅಳತೆ ತೆಗೆದುಕೊಳ್ಳುತ್ತೇವೆ.

ದೊಡ್ಡದೇ ಯಾಕೆ ಬೇಕಿತ್ತು? ನನಗೆ ಆರೋ ಏಳೋ ವರ್ಷವಿದ್ದಾಗ ಅಜ್ಜಿಯ ಊರಿನ ದೊಡ್ಡ ಬೀದಿಯಲ್ಲಿ ಒಂದು ಮನೆ ಮುಂದೆ ಇಂಥದೇ ಕೆಂಪು ಸೈಕಲ್ಲು ನಿಂತಿತ್ತು. ಯಾರೂ ಇರಲಿಲ್ಲ, ಹತ್ತಿ ಕೂತೆ. ಆ ಮನೆಯಾಕೆ ಹೊರಗೆ ಬಂದಳು. ಬೈಯಲಿಲ್ಲ, ಹೊಡೆಯಲಿಲ್ಲ. ನಾನು ಇಳಿಯುವವರೆಗೆ ಕಾದಿದ್ದು, ಸೀಟಿನ ಮೇಲೆ ಒಂದು ಚೊಂಬು ನೀರು ಸುರಿದಳು. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಪುಟ್ಟಿಯ ಕಾಲು ಪೆಡಲಿಗೆ ಎಟುಕಲಿಲ್ಲ. ಬೆರಳ ತುದಿ ಮಾತ್ರ ತಾಗುತ್ತಿತ್ತು. "ಬೆಳೀತಾಳೆ ಬಿಡು" ಎಂದೆ. ದೊಡ್ಡ ಬೀದಿಗೇ ಕರೆದುಕೊಂಡು ಹೋದೆ. ಬೀದಿ ಇಳಿಜಾರಾಗುವ ಕಡೆ ಗಾಡಿ ಓಡತೊಡಗಿತು. ಈ ಸೈಕಲ್ಲುಗಳಲ್ಲಿ ಪೆಡಲು ನೇರ ಮುಂದಿನ ಗಾಲಿಗೇ ಕಚ್ಚಿರುತ್ತದೆ, ಚೈನಿಲ್ಲ. ಗಾಲಿ ತಿರುಗಿದಷ್ಟೂ ಪೆಡಲು ತಿರುಗುತ್ತದೆ. ಬ್ರೇಕೂ ಇಲ್ಲ, ಮಗುವಿನ ಕಾಲೇ ಬ್ರೇಕು. ಆ ಕಾಲು ಗಾಳಿಯಲ್ಲಿತ್ತು. ಮಗು ಹೆದರಿ ಹ್ಯಾಂಡಲ್ ತಿರುಗಿಸಿತು, ಗಾಡಿ ಮಗುಚಿತು. ಗಲ್ಲ ಒಡೆದು ರಕ್ತ ಬಂತು. ನಾನು ಎತ್ತಿಕೊಳ್ಳಲು ಓಡುತ್ತಾ ಒಂದು ಕ್ಷಣ ಸುತ್ತಲಿನ ಜಗಲಿಗಳತ್ತ ನೋಡಿದೆ. ಯಾರು ಯಾರು ನೋಡಿದರು ಎಂದು. ಆ ಒಂದು ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಗುಡಿಗೆ ತೊಟ್ಟಿಲು ಕೊಡುವವರಿದ್ದಾರೆ, ನಾನು ದೊಡ್ಡ ಬೀದಿಗೆ ಸೈಕಲ್ಲು ಒಪ್ಪಿಸಿದ್ದೆ.

ಆ ರಾತ್ರಿ ಬಾಬಾಸಾಹೇಬರ 'ವೇಯ್ಟಿಂಗ್ ಫಾರ್ ಎ ವೀಸಾ' ತೆಗೆದೆ. 1901ರಲ್ಲಿ ಹುಡುಗ ಭೀಮರಾವ್ ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ ತಂದೆಯನ್ನು ಕಾಣಲು ಹೊರಟಾಗ ಗಾಡಿಯವನು ಇಮ್ಮಡಿ ಬಾಡಿಗೆ ಪಡೆದೂ ಗಾಡಿ ಹೊಡೆಯಲಿಲ್ಲ, ಮಕ್ಕಳೇ ಹೊಡೆದರು. ಅದು ನಮಗೆಲ್ಲ ಗೊತ್ತಿರುವ ಕತೆ. ನಾನು ಹುಡುಕಿದ್ದು 1929ರ ಚಾಳೀಸಗಾಂವ್ ಪ್ರಸಂಗ. ಅಲ್ಲಿನ ಮಹಾರರು ಬಾಬಾಸಾಹೇಬರನ್ನು ತಮ್ಮ ಕೇರಿಗೆ ಕರೆದರು. ನಡೆದೇ ಹೋಗಬಹುದಾದಷ್ಟು ದೂರ. ಆದರೆ ಬ್ಯಾರಿಸ್ಟರ್ ಅತಿಥಿಯನ್ನು ನಡೆಸುವುದುಂಟೇ? ಟಾಂಗಾದವರು ಅಸ್ಪೃಶ್ಯರನ್ನು ಕೂರಿಸಿ ಓಡಿಸಲು ಒಪ್ಪಲಿಲ್ಲ. ಕಡೆಗೆ ಟಾಂಗಾ ಮಾತ್ರ ಬಾಡಿಗೆಗೆ ಸಿಕ್ಕಿತು. ಓಡಿಸಲು ಬಾರದ ಕೇರಿಯವನೊಬ್ಬ ಲಗಾಮು ಹಿಡಿದ. ನದಿಯ ಸೇತುವೆ ಮೇಲೆ ಗಾಲಿ ಕಲ್ಲಿಗೆ ಸಿಕ್ಕಿ ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಬಿದ್ದರು. ಕುದುರೆ, ಗಾಡಿ ಎರಡೂ ನದಿಗೆ ಹೋದವು. ಅವರ ಕಾಲಿನ ಮೂಳೆ ಮುರಿಯಿತು. ತನ್ನ ಮರ್ಯಾದೆ ಉಳಿಸಲು ಹೋಗಿ ಜನ ತನ್ನ ಪ್ರಾಣವನ್ನೇ ಅಪಾಯಕ್ಕೆ ಒಡ್ಡಿದರು ಎಂಬರ್ಥದಲ್ಲಿ ಅವರು ಬರೆಯುತ್ತಾರೆ. ಆದರೂ ಸಿಟ್ಟು ಇರುವುದು ಆ ಜನರ ಮೇಲಲ್ಲ.

ನಾನೂ ಚಾಳೀಸಗಾಂವಿನವರನ್ನು ದೂರಲಾರೆ. ಅವರ ಮುಂದೆ ಇನ್ನೊಂದು ಟಾಂಗಾ ಇರಲಿಲ್ಲ. ನನ್ನ ಮುಂದೆ ಚಿಕ್ಕ ಸೈಕಲ್ಲು ಇತ್ತು. ನನಗಾದ ಅವಮಾನ ಸುಳ್ಳಲ್ಲ, ಅದಕ್ಕೆ ಉತ್ತರ ಕೊಡಬೇಕೆನ್ನುವ ಆಸೆಯೂ ತಪ್ಪಲ್ಲ. ಆದರೆ ಆ ಉತ್ತರವನ್ನು ಎರಡೂವರೆ ವರ್ಷದ ಕೂಸಿನ ಮೊಣಕಾಲ ಮೇಲೆ ಹೊರಿಸಲು ನನಗೆ ಯಾವ ಹಕ್ಕಿತ್ತು? ಚೊಂಬಿನ ನೀರು ಅವಳ ಮೇಲೆ ಬಿದ್ದಿರಲಿಲ್ಲ. ತಣ್ಹಾ ಎಂದರೆ ಒಡವೆ ಆಸೆ, ಊಟದ ಆಸೆ ಎಂದೇ ಪಾಠ ಮಾಡಿಕೊಂಡು ಬಂದವನು ನಾನು. ಗೌರವದ ದಾಹವನ್ನು ಆ ಪಟ್ಟಿಗೆ ಸೇರಿಸಿರಲಿಲ್ಲ. ಸೋಣನಿಗೆ ಬುದ್ಧರು ಹೇಳಿದ ವೀಣೆಯ ತಂತಿಯ ಮಾತು ನೆನಪಾಯಿತು, ತೀರಾ ಬಿಗಿಯೂ ಬೇಡ, ಸಡಿಲವೂ ಬೇಡ ಎಂದು. ಆದರೆ ಸೋಣ ಸ್ವತಃ ವೀಣೆ ಬಲ್ಲವನು, ಬಿಗಿ ಹೆಚ್ಚಾದರೆ ಅವನ ಕಿವಿಗೇ ತಿಳಿಯುತ್ತಿತ್ತು. ಮಗುವಿನ ತಂತಿಗೆ ನಾವೇ ಕಿವಿಗೊಡಬೇಕು.

ಪುಟ್ಟಿ ಒಂದು ತಿಂಗಳು ಸೈಕಲ್ಲಿನ ಹತ್ತಿರ ಸುಳಿಯಲಿಲ್ಲ. ಆಮೇಲೆ ಒಂದು ಭಾನುವಾರ ಅವಳನ್ನೇ ಕೂರಿಸಿಕೊಂಡು ಸರಿಮಾಡಿದೆ. ಸೀಟಿನ ಕೆಳಗೆ ಮೂರು ತೂತುಗಳಿದ್ದವು, ಅಂಗಡಿಯವರು ಹಿಂದಿನದಕ್ಕೆ ಬಿಗಿದಿದ್ದರು. ಮುಂದಿನದಕ್ಕೆ ತಂದೆ. ಇನ್ನೂ ಒಂದು ಇಂಚು ಬಾಕಿ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಗೆಳೆಯರೊಬ್ಬರು ಉಳಿಕೆ ಆಲೆಮರದಲ್ಲಿ ನಾಲ್ಕು ತುಂಡು ಕೊಯ್ದು ಕೊಟ್ಟರು. ಪ್ರತಿ ಪೆಡಲಿಗೆ ಎರಡೂ ಬದಿ ಕಟ್ಟಬೇಕು, ಒಂದೇ ಬದಿ ಕಟ್ಟಿದರೆ ಭಾರಕ್ಕೆ ಪೆಡಲು ಮಗುಚಿಕೊಳ್ಳುತ್ತದೆ. ಪೆಡಲು ಅತ್ಯಂತ ದೂರವಿದ್ದಾಗಲೂ ಮೊಣಕಾಲು ತುಸು ಮಡಚಿರಬೇಕು. ಹ್ಯಾಂಡಲ್ ತಿರುಗಿಸಿಯೂ ನೋಡಬೇಕು, ಏಕೆಂದರೆ ತಿರುವಿನಲ್ಲಿ ಹೊರಬದಿಯ ಪೆಡಲು ಇನ್ನಷ್ಟು ದೂರ ಹೋಗುತ್ತದೆ. ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು. ಹಾರ್ನ್ ಬಿಚ್ಚಿ ಇಡೋಣ ಎಂದೆ, ಅವಳು ಒಪ್ಪಲಿಲ್ಲ. ಇರಲಿ.

ಈಗ ನಮ್ಮ ಬೀದಿಯಲ್ಲೇ ಬೋರ್‌ವೆಲ್‌ವರೆಗೆ ಹೋಗುತ್ತಾಳೆ, ಬರುತ್ತಾಳೆ. ಮೊನ್ನೆಯಿಂದ ಮೊಣಕಾಲು ಹ್ಯಾಂಡಲಿಗೆ ತಾಗುತ್ತಿದೆ. ಈ ಭಾನುವಾರ ಮರದ ತುಂಡು ಬಿಚ್ಚಿ, ಸೀಟನ್ನು ಒಂದು ತೂತು ಹಿಂದಕ್ಕೆ ಹಾಕಬೇಕು. ನನ್ನ 13ರ ಸ್ಪ್ಯಾನರನ್ನು ಯಾರೋ ಒಯ್ದಿದ್ದಾರೆ. ಬಳಗದಲ್ಲಿ ಯಾರ ಬಳಿಯಾದರೂ ಇದ್ದರೆ ವಂದನೆಗೆ ಬರುವಾಗ ತನ್ನಿ.